ಎರಿ ಹೊಲ, ಗರಸು ದಾರಿ, ಹೆದ್ದಾರಿ: ಮೂರಕ್ಕೂ ಒಗ್ಗುವ ಅಡ್ವೆಂಚರ್ ಬೈಕ್ ಯಾವುದು?

ಬೀಜದ_ಹೊಲ (ಹುಬ್ಬಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವವನು. ಬೀಜೋತ್ಪಾದನೆಯ ಹೊಲಗಳನ್ನು ನೋಡಿ ವರದಿ ಕೊಡುವುದು ನನ್ನ ಕೆಲಸ. ವಾರದಲ್ಲಿ ಎರಡು ದಿನ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಕಡೆಗೆ ಹೋದರೆ ಇನ್ನೆರಡು ದಿನ ಅಣ್ಣಿಗೇರಿ, ನವಲಗುಂದ, ಗದಗಿನ ಕಡೆಗೆ ಹೋಗುತ್ತೇನೆ. ರಾಣೆಬೆನ್ನೂರಿಗೆ ಹೋಗಿಬರುವ ದಿನ ಇನ್ನೂರು ಕಿಲೋಮೀಟರ್ ಮೀರುತ್ತದೆ. ಅದರಲ್ಲಿ ಬಹುಪಾಲು ರಾಷ್ಟ್ರೀಯ ಹೆದ್ದಾರಿ 48ರ ಮೇಲಿನ ಓಟವೇ ಆದರೂ, ಹೆದ್ದಾರಿ ಬಿಟ್ಟ ಮೇಲೆ ನಾಲ್ಕೈದು ಕಿಲೋಮೀಟರ್ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿದ ರಸ್ತೆ, ಅದು ಮುಗಿದ ಮೇಲೆ ಚಕ್ಕಡಿ ದಾರಿ, ಕೊನೆಗೆ ಬದುವಿನ ಹತ್ತಿರ ಗಾಡಿ ನಿಲ್ಲಿಸಿ ನಡೆಯುವುದು, ಹೀಗೆ ದಿನ ಸಾಗುತ್ತದೆ. ತಿಂಗಳಿಗೊಮ್ಮೆ ಮನೆಯವರೊಂದಿಗೆ ಕಲಘಟಗಿಯ ಮೇಲೆ ಅವರ ತವರೂರಾದ ಯಲ್ಲಾಪುರಕ್ಕೆ ಹೋಗುವ ರೂಢಿಯೂ ಇದೆ.

ಈಗಿರುವುದು ಒಂಬತ್ತು ವರ್ಷದ ಹಳೆಯ 150 ಸಿಸಿ ಗಾಡಿ. ಅದನ್ನು ಬದಲಿಸಲೇಬೇಕೆಂದು ನಿರ್ಧರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹೆಸರಿನ ರಾಶಿ ಮುಗಿದ ಸಮಯ. ನವಲಗುಂದದ ಆಚೆ ಒಂದು ಎರಿ (ಕಪ್ಪು ಜೇಡಿಮಣ್ಣಿನ) ಹೊಲದ ದಾರಿಯಲ್ಲಿದ್ದಾಗ ಅರ್ಧ ಗಂಟೆ ಮಳೆ ಹೊಡೆಯಿತು. ಮರಳಿ ಹೊರಟು ನೂರು ಹೆಜ್ಜೆ ಬರುವಷ್ಟರಲ್ಲಿ ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತಿತು. ಪಕ್ಕದ ಹೊಲದ ತಾಯಿಯೊಬ್ಬರ ಹತ್ತಿರ ಕುರ್ಚಿಗಿ ಇಸಿದುಕೊಂಡು ಕೆರೆದು ತೆಗೆದೆ. ಹತ್ತು ಹೆಜ್ಜೆಗೆ ಮತ್ತೆ ಅದೇ ಗತಿಯಾಯಿತು. ಕೊನೆಗೆ ಮಡ್‌ಗಾರ್ಡನ್ನೇ ಬಿಚ್ಚಿ ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿ, ಗಾಡಿಯನ್ನು ಅರ್ಧ ನೂಕುತ್ತ ಅರ್ಧ ಎಳೆಯುತ್ತ ಡಾಂಬರು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು.

ಆನ್‌ರೋಡ್ ಮೂರೂವರೆ ಲಕ್ಷದವರೆಗೆ ಹೊಂದಿಸಬಲ್ಲೆ. ಎತ್ತರ ಐದು ಅಡಿ ಐದು ಇಂಚು. ಹೀರೋ ಎಕ್ಸ್‌ಪಲ್ಸ್, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಈ ಮೂರರ ನಡುವೆ ಮನಸ್ಸು ಓಲಾಡುತ್ತಿದೆ. ನನ್ನಂಥ ತಿರುಗಾಟಕ್ಕೆ 450 ಸಿಸಿ ಬೇಕೇ ಅಥವಾ 200 ಸಾಕೇ, ಮುಂದಿನ ಗಾಲಿ 21 ಇಂಚಿನದು ಇರಬೇಕೇ ಅಥವಾ 19 ನಡೆಯುತ್ತದೆಯೇ, ಮತ್ತು ನಮ್ಮ ಬಳ್ಳಾರಿ ಜಾಲಿಯ ಮುಳ್ಳಿನ ನಡುವೆ ಟ್ಯೂಬ್ ಇರುವ ಸ್ಪೋಕ್ ಗಾಲಿಯನ್ನು ನಂಬಬಹುದೇ ಎಂಬುದನ್ನು ಇಂಥ ದಾರಿಗಳಲ್ಲಿ ಓಡಿಸಿದವರು ತಿಳಿಸಬೇಕೆಂದು ಕೋರುತ್ತೇನೆ. ಲೇಹ್-ಲಡಾಖಿನ ಅನುಭವ ನನಗೆ ಸದ್ಯಕ್ಕೆ ಬೇಕಾಗಿಲ್ಲ.

ಬೆಣ್ಣಿಹಳ್ಳ_ದಂಡೆ (ನವಲಗುಂದ) ಉತ್ತರಿಸಿದ್ದು:

ಅಣ್ಣಾವ್ರೇ, ಮೊದಲು ನಿಮ್ಮ ಲೆಕ್ಕದಿಂದ ಒಂದು ಬಾಬತ್ತನ್ನು ತೆಗೆದುಹಾಕೋಣ. ಹಸಿ ಎರಿಯಲ್ಲಿ ಓಡುವ ಬೈಕು ಯಾವ ಷೋರೂಮಿನಲ್ಲಿಯೂ ಇಲ್ಲ. ನಮ್ಮ ಎರಿ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಉಬ್ಬಿದ ಹೊತ್ತಿನಲ್ಲಿ ಅದು ಟೈರಿನ ಬಟನ್‌ಗಳ (ಹಿಡಿತಕ್ಕಾಗಿ ಎದ್ದುನಿಂತ ರಬ್ಬರ್ ಗಂಟುಗಳ) ನಡುವೆ ತುಂಬಿಕೊಂಡು, ಎಂಥ ದುಬಾರಿ ಬಟನ್ ಟೈರನ್ನೂ ಎರಡೇ ಸುತ್ತಿನಲ್ಲಿ ನುಣ್ಣಗಿನ ಕುಂಬಾರನ ಚಕ್ರವನ್ನಾಗಿ ಮಾಡುತ್ತದೆ. ಅಂಥ ದಿನ ಗಾಡಿಯನ್ನು ಗರಸಿನ ಮೇಲೆ ಬಿಟ್ಟು ನಡೆದುಹೋಗಬೇಕು; ಮೂರು ಲಕ್ಷ ಕೊಟ್ಟವನೂ ನಡೆಯಬೇಕು, ಮೊಪೆಡ್ ಇರುವವನೂ ನಡೆಯಬೇಕು.

ಇದನ್ನು ಒಪ್ಪಿಕೊಂಡರೆ ಉಳಿಯುವುದು ಒಣಗಿದ ಚಕ್ಕಡಿ ದಾರಿ, ಗರಸು, ಕಡಿ ಹರಡಿ ರೋಲರ್ ಹಾಯಿಸದೆ ಬಿಟ್ಟ ರಸ್ತೆ, ಮತ್ತು ಹಳ್ಳ ದಾಟುವುದು. ಮಳೆಗಾಲದಲ್ಲಿ ಟ್ರ್ಯಾಕ್ಟರು ತುಳಿದ ಎರಿ ದಾರಿ ಒಣಗಿ ಕಲ್ಲಿನಂತಾದಾಗ ಅದರ ಗಾಲಿಪಟ್ಟೆಗಳು ಮೊಣಕಾಲಿನವರೆಗೆ ಆಳವಿರುತ್ತವೆ. ಅದರೊಳಗೆ ಇಳಿದ ಬೈಕು ಪಟ್ಟೆ ಕರೆದೊಯ್ದ ಕಡೆಗೇ ಹೋಗುತ್ತದೆ. ಹೊರಗೆ ಬರಲು ಹ್ಯಾಂಡಲ್ ತಿರುಗಿಸಿದರೆ ಮುಂದಿನ ಗಾಲಿ ಅಂಚಿಗೆ ತಾಗಿ ಜಾರಿ ನೀವು ಅಡ್ಡ ಬೀಳುತ್ತೀರಿ. ಇಲ್ಲಿ 21 ಇಂಚಿನ ಗಾಲಿಯ ಉಪಯೋಗ ಕಾಣಿಸುತ್ತದೆ: ವ್ಯಾಸ ದೊಡ್ಡದಾದಷ್ಟೂ ಕಲ್ಲನ್ನು, ಅಂಚನ್ನು ಅದು ಡಿಕ್ಕಿ ಹೊಡೆಯದೆ ಹತ್ತಿ ಇಳಿಯುತ್ತದೆ. 19ರಲ್ಲಿ ಆಗುವುದೇ ಇಲ್ಲವೆಂದಲ್ಲ, ವೇಗ ತಗ್ಗಿಸಬೇಕು.

ನಾನು ನಾಲ್ಕು ವರ್ಷದಿಂದ ಎಕ್ಸ್‌ಪಲ್ಸ್ 200 4ವಿ ಓಡಿಸುತ್ತಿದ್ದೇನೆ. 199.6 ಸಿಸಿ, ಸುಮಾರು 19 ಅಶ್ವಶಕ್ತಿ, ತೂಕ 160 ಕೆಜಿಯ ಆಸುಪಾಸು, ನೆಲದಿಂದ 220 ಮಿಮೀ ಎತ್ತರ, ಮುಂದೆ 190 ಮತ್ತು ಹಿಂದೆ 170 ಮಿಮೀ ಶಾಕ್‌ನ ಓಟ (ಅದು ಕುಗ್ಗುವ ದೂರ). ಕಾಗದದ ಮೇಲೆ ಇದು ಬಡ ಎಂಜಿನ್ನೇ ಸರಿ, ಆದರೆ ನಿರ್ಣಾಯಕವಾಗುವುದು ಗಾಡಿ ಬಿದ್ದಾಗ. ಹೊಲದ ನಡುವೆ ಮಧ್ಯಾಹ್ನ ಎರಡು ಗಂಟೆಗೆ, ಸುತ್ತ ನರಪಿಳ್ಳೆ ಇಲ್ಲದ ಕಡೆ, ಬಿದ್ದ ಗಾಡಿಯನ್ನು ಒಬ್ಬರೇ ಮೂರು ಸಲ ಎತ್ತಬಲ್ಲಿರಾ ಎಂಬುದನ್ನು ಕೇಳಿಕೊಳ್ಳಿ. ಒಂದು ಸಲ ಯಾರಾದರೂ ಎತ್ತುತ್ತಾರೆ. ಮೂರನೆಯ ಸಲಕ್ಕೆ ಸೊಂಟ ಉತ್ತರ ಕೊಡುತ್ತದೆ.

ಹೆದ್ದಾರಿಯ ಮಾತಿಗೆ ಬಂದರೆ, ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗವೇ ಗಂಟೆಗೆ 80 ಕಿಲೋಮೀಟರ್. ಅಷ್ಟನ್ನು ನನ್ನ ಗಾಡಿ ದಿನವಿಡೀ ಓಡುತ್ತದೆ. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ಇನ್ನೂ ಮೇಲು. ಲಿಕ್ವಿಡ್ ಕೂಲಿಂಗ್, 24.6 ಅಶ್ವಶಕ್ತಿ, ಆರು ಗೇರು. ತೂಕ ಹತ್ತು ಕೆಜಿಯಷ್ಟು ಏರಿದೆ, ಅದು ನನಗೆ ಅಷ್ಟು ಹಿಡಿಸಿಲ್ಲ.

ಗಾಳಿಯಂತ್ರ (ಗದಗ) ಉತ್ತರಿಸಿದ್ದು:

ಮೇಲಿನವರು ಹೊಲದ ವಿಷಯದಲ್ಲಿ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೆದ್ದಾರಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದನ್ನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರು ದಿನಕ್ಕೆ ಇನ್ನೂರು ಕಿಲೋಮೀಟರ್ ಎಂದಿದ್ದಾರೆ. ಅದರಲ್ಲಿ ಹೊಲದ ದಾರಿ ಹತ್ತು ಕಿಲೋಮೀಟರ್ ಎಂದು ಹಿಡಿದರೂ ಉಳಿದ ನೂರಾ ತೊಂಬತ್ತು ಡಾಂಬರೇ. ಬೀಳುವುದು ವರ್ಷಕ್ಕೆ ನಾಲ್ಕು ಸಲ. ಕೂರುವುದು ದಿನಕ್ಕೆ ನಾಲ್ಕು ಗಂಟೆ.

ನನ್ನ ಕೆಲಸ ಗದಗಿನ ಸುತ್ತಲಿನ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳ ನಿರ್ವಹಣೆ. ಯಂತ್ರ ನಿಲ್ಲಿಸಿದ ಜಾಗವೆಂದರೆ ಗಾಳಿ ಜೋರಾಗಿ ಬೀಸುವ ಜಾಗವೆಂದೇ ಅರ್ಥ. ಆಷಾಢದಲ್ಲಿ ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಅಡ್ಡಗಾಳಿ ಹೊಡೆಯುವಾಗ, ಎದುರಿಗೆ ಬಂದ ಲಾರಿ ಸರಿದುಹೋದ ಕೂಡಲೇ ಹಗುರ ಗಾಡಿ ಒಂದು ಮೊಳ ಪಕ್ಕಕ್ಕೆ ಸರಿಯುತ್ತದೆ. ಹಿಂದೆ ನಾನು ಹಗುರ ಗಾಡಿಯನ್ನೇ ಓಡಿಸುತ್ತಿದ್ದೆ, ಸಂಜೆ ಮನೆಗೆ ಬಂದಾಗ ಹೆಗಲು ಮರಗಟ್ಟಿರುತ್ತಿತ್ತು. ಈಗ ಎರಡು ವರ್ಷದಿಂದ ಹಿಮಾಲಯನ್ 450 ಇದೆ: 452 ಸಿಸಿ, 40 ಅಶ್ವಶಕ್ತಿ, 40 ನ್ಯೂಟನ್ ಮೀಟರ್ ಟಾರ್ಕ್, 196 ಕೆಜಿ, 17 ಲೀಟರ್ ಟ್ಯಾಂಕು. ಗಂಟೆಗೆ 80ರ ಮಿತಿಯೊಳಗೇ ಓಡಿಸುತ್ತೇನೆ ಎನ್ನಿ. ಆ ವೇಗದಲ್ಲಿ ಎಂಜಿನ್ ಉಸಿರು ಬಿಗಿಹಿಡಿದು ಓಡುವುದಕ್ಕೂ ಅರೆನಿದ್ದೆಯಲ್ಲಿ ಓಡುವುದಕ್ಕೂ ವ್ಯತ್ಯಾಸವಿದೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರನ್ನು ದಾಟುವಾಗ, ಅದರಲ್ಲಿಯೂ ಮನೆಯವರು ಹಿಂದೆ ಕುಳಿತಿದ್ದಾಗ, ಆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಸೀಟನ್ನು 825 ಮತ್ತು 845 ಮಿಮೀ ಎತ್ತರಗಳಲ್ಲಿ ಹೊಂದಿಸಿಕೊಳ್ಳಬಹುದು. ಮುಂದಿನ ಗಾಲಿ 21, ಹಿಂದಿನದು 17. ಸ್ಪೋಕ್ ಇದ್ದೂ ಟ್ಯೂಬಿಲ್ಲದ ಗಾಲಿಯ ಆಯ್ಕೆಯಿದೆ. ಹೆಚ್ಚಿನ ಹಣ ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ, ಜಾಲಿ ಮುಳ್ಳಿನ ಅರ್ಧ ಚಿಂತೆ ಅಲ್ಲಿಗೇ ಮುಗಿಯುತ್ತದೆ. ಹಿಂದಿನ ಗಾಲಿಯ ಎಬಿಎಸ್ ಅನ್ನು (ಬ್ರೇಕ್ ಹಿಡಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆಯನ್ನು) ಬೇಕಾದಾಗ ನಿಲ್ಲಿಸುವ ಅನುಕೂಲವೂ ಇದೆ.

ಬೆಲೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿದೆ. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಮತ್ತು ವಿಮೆ ಸೇರಿದರೆ ನಿಮ್ಮ ಮೂರೂವರೆ ಲಕ್ಷ ಸಾಲದೆ ಹೋಗಬಹುದು. ಕ್ರಾಶ್ ಗಾರ್ಡು, ಹೆಲ್ಮೆಟ್ಟು, ಬೂಟುಗಳ ಖರ್ಚನ್ನು ಬೇರೆ ಇಟ್ಟುಕೊಳ್ಳಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮವಾಗಿದೆ ಎಂಬುದನ್ನು ಕೆಲವರು ಮರೆತು, ವಿಡಿಯೊಕ್ಕಾಗಿ ಹುಲ್ಲುಗಾವಲಿನ ಮೇಲೆ ಗಾಡಿ ಏರಿಸುತ್ತಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳದಾರಿಗೆ ಇಳಿಯುವುದು ತಪ್ಪು. ಇದು ನಿಮ್ಮ ಪ್ರಶ್ನೆಗೆ ಹೊರಗಿನ ಮಾತಾದರೂ, ಅಡ್ವೆಂಚರ್ ಬೈಕಿನ ಮಾತು ಬಂದಾಗಲೆಲ್ಲ ಹೇಳದೆ ಇರಲಾಗುವುದಿಲ್ಲ.

ಪಾನಾ_ಪಕ್ಕಡ್ (ಧಾರವಾಡ) ಉತ್ತರಿಸಿದ್ದು:

ಹದಿನೆಂಟು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ, ಆದ್ದರಿಂದ ಗಾಲಿಯ ವಿಷಯವನ್ನಷ್ಟೇ ಹೇಳುತ್ತೇನೆ.

ಸಾಮಾನ್ಯ ಸ್ಪೋಕ್ ಗಾಲಿಯಲ್ಲಿ ರಿಮ್ಮಿನ ನಡುವೆಯೇ ನಿಪ್ಪಲ್‌ಗಳ ತೂತುಗಳಿರುವುದರಿಂದ ಗಾಳಿ ನಿಲ್ಲುವುದಿಲ್ಲ, ಅದಕ್ಕೇ ಟ್ಯೂಬು ಬೇಕು. ಸ್ಪೋಕನ್ನು ರಿಮ್ಮಿನ ಅಂಚಿಗೆ ಕಟ್ಟಿದರೆ ನಡುಭಾಗ ಮುಚ್ಚಿಕೊಂಡು ಟ್ಯೂಬಿಲ್ಲದೆ ನಡೆಯುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಚುಚ್ಚಿದರೆ ಗಾಲಿ ಬಿಚ್ಚದೆ ಹತ್ತು ನಿಮಿಷದಲ್ಲಿ ಬತ್ತಿ ತುರುಕಿ ಹೊರಡಬಹುದು. ಟ್ಯೂಬಾದರೆ ಗಾಲಿ ಇಳಿಸಿ, ಟೈರ್ ಎಬ್ಬಿಸಿ, ತೇಪೆ ಹಾಕಿ ಮತ್ತೆ ಜೋಡಿಸಬೇಕು. ಆದರೆ ಇದರ ಇನ್ನೊಂದು ಮುಖವನ್ನು ಗಮನಿಸಿ: ತೇಪೆ ಹಾಕುವವನು ಪ್ರತಿ ಹೋಬಳಿಯಲ್ಲಿಯೂ ಸಿಗುತ್ತಾನೆ, ಕಲ್ಲಿಗೆ ಬಡಿದು ಅಂಚು ಸೊಟ್ಟಗಾದ ಅಲಾಯ್ ಗಾಲಿಯನ್ನು ಸರಿಮಾಡುವವನು ಸಿಗುವುದಿಲ್ಲ. ಸೊಟ್ಟಾದ ಸ್ಪೋಕ್ ರಿಮ್ಮನ್ನು ಸೈಕಲ್ ಅಂಗಡಿಯವನೂ ಊರು ಮುಟ್ಟುವಷ್ಟು ನೆಟ್ಟಗೆ ಮಾಡಿಕೊಟ್ಟಾನು.

ಹಳ್ಳಿಯ ಅಂಗಡಿಯಲ್ಲಿ 21 ಇಂಚಿನ ಟ್ಯೂಬ್ ಇರುವುದಿಲ್ಲ. ಟ್ಯೂಬಿನ ಗಾಡಿ ಕೊಂಡರೆ 21ರದ್ದೊಂದು ಸೀಟಿನ ಕೆಳಗೋ ಚೀಲದಲ್ಲೋ ಸದಾ ಇರಲಿ. ತುರ್ತಿಗೆ ಅದನ್ನೇ ಹಿಂದಿನ 18 ಇಂಚಿನ ಗಾಲಿಗೂ ಮಡಚಿ ಹಾಕಿಕೊಂಡು ನಿಧಾನವಾಗಿ ಊರು ಸೇರಬಹುದು. 18ರ ಟ್ಯೂಬನ್ನು 21ಕ್ಕೆ ಎಳೆದರೆ ಹರಿಯುತ್ತದೆ. ಇನ್ನು ಯೂಟ್ಯೂಬ್ ನೋಡಿ ಗರಸಿನಲ್ಲಿ ಗಾಳಿ ಇಳಿಸಿ ಓಡಿಸುವವರಿಗೆ ಒಂದು ಮಾತು. ಹಿಡಿತ ಹೆಚ್ಚುವುದು ನಿಜ, ಆದರೆ ತೀರ ಇಳಿಸಿದ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ತಿಂಗಳಿಗೆ ಅಂಥವು ನಾಲ್ಕೈದು ನನ್ನಲ್ಲಿಗೆ ಬರುತ್ತವೆ.

ಮಡ್‌ಗಾರ್ಡಿನ ಕಥೆ ಓದಿ ನಗು ಬಂತು, ಕ್ಷಮಿಸಿ. ಷೋರೂಮಿಗೆ ಹೋದಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತವೆ ಎಂದು ಇಟ್ಟು ನೋಡಿ. ಕಂಪನಿಯವರ ಪಟ್ಟಿಯಲ್ಲಿ ಆ ಅಳತೆ ಇರುವುದಿಲ್ಲ.

ಮೂರೂವರೆ ಲಕ್ಷ ಹಾಕುವ ಮನಸ್ಸಿಲ್ಲದಿದ್ದರೆ ಹಳೆಯ ಹಿಮಾಲಯನ್ 411 ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಸೀಟು 800 ಮಿಮೀ ಮಾತ್ರ, ತೂಕ 199 ಕೆಜಿ, ಕಡಿಮೆ ಸುತ್ತಿನಲ್ಲಿಯೇ ಎಳೆಯುತ್ತದೆ. ಯಾವ ಕಂಪನಿಯದ್ದೇ ಆಗಲಿ, ಇಂಥ ಗಾಡಿಯನ್ನು ಹಳೆಯದಾಗಿ ಕೊಳ್ಳುವಾಗ ಡಬಲ್ ಸ್ಟ್ಯಾಂಡ್ ಹಾಕಿಸಿ, ಮುಂದಿನ ಗಾಲಿಯನ್ನು ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ನಡುವೆ ಒಂದು ಕಡೆ ಕಚ್ಚಿ ನಿಂತಂತಾದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ, ಗಾಡಿ ಚೆನ್ನಾಗಿ ಕುಣಿದು ಬಂದಿದೆ ಎಂದು ತಿಳಿಯಿರಿ.

ದನದ_ಡಾಕ್ಟರ್ (ಹಾನಗಲ್ಲ) ಉತ್ತರಿಸಿದ್ದು:

ನಾನು ಪಶುವೈದ್ಯೆ, ಎತ್ತರ ಐದು ಅಡಿ ಮೂರು ಇಂಚು, ವಿ-ಸ್ಟ್ರಾಮ್ ಎಸ್‌ಎಕ್ಸ್ ಓಡಿಸುತ್ತೇನೆ. ಅದರ ಸೀಟು 835 ಮಿಮೀ ಎಂದು ಓದಿ ಮೊದಲು ಆಸೆ ಬಿಟ್ಟಿದ್ದೆ. ಸೀಟಿನ ಎತ್ತರವನ್ನು ಖಾಲಿ ಗಾಡಿಯಲ್ಲಿ ಅಳೆದಿರುತ್ತಾರೆ. ನಾವು ಕುಳಿತಾಗ ಶಾಕ್ ಒಂದಿಷ್ಟು ಕೂರುತ್ತದೆ, ಮತ್ತು ಸೀಟು ಮುಂದೆ ಕಿರಿದಾಗಿದ್ದರೆ ಕಾಲು ನೇರ ಇಳಿಯುತ್ತದೆ. ಎರಡೂ ಕಾಲು ಊರಬೇಕೆಂಬ ಹಟ ಬಿಟ್ಟು, ಸೊಂಟವನ್ನು ಎಡಕ್ಕೆ ಜಾರಿಸಿ ಒಂದೇ ಕಾಲನ್ನು ಪೂರ್ತಿ ಊರುವುದನ್ನು ಕಲಿತ ಮೇಲೆ ನನಗೆ ಎತ್ತರದ ಭಯ ಹೋಯಿತು. ನಿಜವಾದ ಅಪಾಯವಿರುವುದು ಇಳಿಜಾರಾದ ಬದುವಿನಲ್ಲಿ. ಊರಲೆಂದು ಇಳಿಸಿದ ಕಾಲಿನ ಕೆಳಗೆ ತಗ್ಗಿದ್ದರೆ, ಗಾಡಿ ಅರ್ಧ ಬಾಗಿದ ಮೇಲೆ ಯಾರೂ ಹಿಡಿಯಲಾರರು. ಆದ್ದರಿಂದ ನಿಲ್ಲಿಸುವ ಮೊದಲು ಕಾಲಿಡುವ ಜಾಗವನ್ನು ನೋಡಿ ನಿಲ್ಲಿಸುತ್ತೇನೆ.

ತೂಕ 167 ಕೆಜಿ, 249 ಸಿಸಿ, 26.5 ಅಶ್ವಶಕ್ತಿ, ಅಲಾಯ್ ಗಾಲಿ ಮುಂದೆ 19 ಹಿಂದೆ 17, ಟ್ಯೂಬ್‌ಲೆಸ್. ಹಾನಗಲ್ಲಿನ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದ ಹಳ್ಳಿ ರಸ್ತೆಗಳಿಗೆ ಇದು ಧಾರಾಳವಾಗಿ ಸಾಕು, ಡಾಂಬರಿನ ಮೇಲಂತೂ ಬಹಳ ಹದವಾಗಿ ಓಡುತ್ತದೆ. ಕೊರತೆ ಎರಡು. ಎಬಿಎಸ್ ಅನ್ನು ನಿಲ್ಲಿಸಲು ಬರುವುದಿಲ್ಲ. ಸಡಿಲ ಗರಸಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು, ಗಾಡಿ ನಾವು ಎಣಿಸಿದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ. ಮೊದಲ ಗೇರಿನಲ್ಲಿ ಎಂಜಿನ್ ತಡೆಯ ಮೇಲೆಯೇ ಇಳಿಯುವುದನ್ನು ರೂಢಿಸಿಕೊಂಡಿದ್ದೇನೆ. ನೆಲದಿಂದ ಎತ್ತರ 205 ಮಿಮೀ ಇರುವುದರಿಂದ ನವಲಗುಂದದವರು ಹೇಳಿದ ಟ್ರ್ಯಾಕ್ಟರ್ ಪಟ್ಟೆಯಲ್ಲಿ ಹೊಟ್ಟೆ ತಾಗುತ್ತದೆ. ನಿಮ್ಮ ದಾರಿ ಹೆಚ್ಚಾಗಿ ಎರಿಯಾದರೆ ಇದನ್ನು ನಾನು ಒತ್ತಾಯಿಸಿ ಹೇಳಲಾರೆ.

ಬಿದ್ದ ಗಾಡಿಯನ್ನು ಎತ್ತುವ ಬಗೆಯನ್ನು ಕಲಿಯಿರಿ, ಅದರಲ್ಲಿ ಶಕ್ತಿಗಿಂತ ಕ್ರಮ ಮುಖ್ಯ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡನ್ನು ಹೊರಗೆ ಚಾಚಿಡಿ, ಗೇರಿನಲ್ಲಿ ಬಿಡಿ, ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಕಾಲಿನ ಬಲದಿಂದ ಹಿಂದಕ್ಕೆ ಒತ್ತುತ್ತ ಮೇಲೇಳಿ. ಬಾಗಿ ನಿಂತು ಕೈಯಿಂದ ಎತ್ತಿದರೆ ಬೆನ್ನು ಹಿಡಿಯುತ್ತದೆ.

ಬೀಜದ_ಹೊಲ (ಹುಬ್ಬಳ್ಳಿ) ಮರಳಿ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ನನ್ನ ಹಳೆಯ ತಿರುಗಾಟದ ಡೈರಿಯನ್ನು ತೆಗೆದು ಕಳೆದ ತಿಂಗಳ ಲೆಕ್ಕ ಹಾಕಿದೆ. ಒಟ್ಟು 1,940 ಕಿಲೋಮೀಟರಿನಲ್ಲಿ ಡಾಂಬರು ಬಿಟ್ಟು ಓಡಿದ್ದು 170 ಮಾತ್ರ. ಗದಗಿನ ಅಣ್ಣಾವ್ರ ವಾದ ಗೆದ್ದಿತೆಂದು ಆಗ ಅನ್ನಿಸಿತು. ಆದರೆ ತಡವಾಗಿ ಮನೆಗೆ ಬಂದ ದಿನಗಳು ಯಾವುವು ಎಂದು ಗುರುತು ಮಾಡಿದಾಗ ಆರರಲ್ಲಿ ಐದು ಆ 170 ಕಿಲೋಮೀಟರಿನೊಳಗೇ ಇದ್ದವು.

ಭಾನುವಾರ ಮನೆಯವರನ್ನು ಕರೆದುಕೊಂಡು ಮೂರೂ ಷೋರೂಮಿಗೆ ಹೋಗಿದ್ದೆ. ಹಿಮಾಲಯನ್ ಓಡಿಸಿದಾಗ ಮನಸ್ಸು ಅಲ್ಲಿಯೇ ಸೋತಿತು, ಅದನ್ನು ಮುಚ್ಚಿಡುವುದಿಲ್ಲ. ಮರಳಿ ತಂದು ನಿಲ್ಲಿಸುವಾಗ ಷೋರೂಮಿನ ಎದುರಿನ ಇಳಿಜಾರಿನಲ್ಲಿ ಅದನ್ನು ಎಂಜಿನ್ ಇಲ್ಲದೆ ಹಿಮ್ಮುಖವಾಗಿ ಏರಿಸಲು ನೋಡಿದೆ. ಎರಡು ಹೆಜ್ಜೆಗೆ ನಿಂತಿತು, ಹುಡುಗನೊಬ್ಬ ಓಡಿಬಂದು ನೂಕಿದ. ಎಕ್ಸ್‌ಪಲ್ಸ್ 210ನ್ನು ಅಷ್ಟೇ ಇಳಿಜಾರಿನಲ್ಲಿ ಒಬ್ಬನೇ ಏರಿಸಿದೆ. ಹಿಂದಿನ ಸೀಟಿನ ಬಗ್ಗೆ ಮನೆಯವರನ್ನು ಕೇಳಿದ್ದಕ್ಕೆ, ಯಲ್ಲಾಪುರಕ್ಕೆ ಬಸ್ಸಿದೆ, ನಿಮ್ಮ ಹೊಲಗಳಿಗೆ ಬಸ್ಸಿಲ್ಲ ಎಂದರು. ವಿ-ಸ್ಟ್ರಾಮಿನ ಸೀಟೇ ಅವರಿಗೆ ಹೆಚ್ಚು ಹಿಡಿಸಿತ್ತು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಬೆರಳಿನ ಅಳತೆಯನ್ನೂ ಮಾಡಿದೆ, ಮಾರಾಟದವರು ವಿಚಿತ್ರವಾಗಿ ನೋಡಿದರು.

210ಕ್ಕೆ ಮುಂಗಡ ಕೊಡುವುದೆಂದು ಬಹುತೇಕ ತೀರ್ಮಾನವಾಗಿದೆ. ಉಳಿದ ಹಣದಲ್ಲಿ ಬೂಟು, ಮೊಣಕಾಲಿನ ಕವಚ, ಒಂದು 21 ಇಂಚಿನ ಟ್ಯೂಬು ಕೊಳ್ಳುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ: ಬೀಜದ ಮಾದರಿಗಳನ್ನು ತರಲು ನನಗೆ ಸುಮಾರು ಹದಿನೈದು ಕೆಜಿ ಹಿಡಿಯುವ ಪೆಟ್ಟಿಗೆ ಬೇಕು. ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದರೆ ನಡೆಯುತ್ತದೆಯೇ?

ಪಾನಾ_ಪಕ್ಕಡ್ (ಧಾರವಾಡ) ಉತ್ತರಿಸಿದ್ದು:

ಕ್ಯಾರಿಯರ್ ಮೇಲೆ ಹದಿನೈದು ಕೆಜಿ ಬೇಡ. ಹಿಂದಿನ ಗಾಲಿಯ ಆಕ್ಸಲ್ಲಿಗಿಂತ ಹಿಂದೆ, ಅದೂ ಎತ್ತರದಲ್ಲಿ ತೂಕ ಬಿದ್ದರೆ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ತೇಲುತ್ತದೆ. ಗರಸಿನಲ್ಲಿ ಅದು ಮೊದಲು ಗೊತ್ತಾಗುತ್ತದೆ. ಒಬ್ಬರೇ ಹೋಗುವ ದಿನ ಹಿಂದಿನ ಸೀಟಿನ ಮೇಲೆಯೇ, ನಿಮ್ಮ ಬೆನ್ನಿಗೆ ಹತ್ತುವಂತೆ ಚೀಲವನ್ನು ಕಟ್ಟಿ. ಇಲ್ಲವೇ ಎರಡೂ ಬದಿಗೆ ಸಮನಾಗಿ ಹಂಚಿದ ಮೆತ್ತನೆಯ ಚೀಲಗಳನ್ನು ಹಾಕಿ. ಗಟ್ಟಿ ಪೆಟ್ಟಿಗೆ ಬದಿಗಿದ್ದರೆ ಬಿದ್ದಾಗ ಕಾಲು ಅದರ ಕೆಳಗೆ ಸಿಗುತ್ತದೆ. ತೂಕ ಹೇರಿದ ದಿನ ಹಿಂದಿನ ಶಾಕ್‌ನ ಸ್ಪ್ರಿಂಗನ್ನು ಒಂದು ಹಂತ ಬಿಗಿ ಮಾಡಿಸಿಕೊಳ್ಳಿ, ಚೈನಿನ ಸಡಿಲವನ್ನು ತೂಕ ಹೇರಿದ ಮೇಲೆ ಇನ್ನೊಮ್ಮೆ ನೋಡಿ.